ಭೂಮಿಯ ಕಾಂತಕ್ಷೇತ್ರ: ಕೊಡೆಯೋ, ತೂಬುಳ್ಳ ಏರಿಯೋ?

ಈ ಚಿತ್ರವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ಎಡಗಡೆ ಸೂರ್ಯ, ಬಲಗಡೆ ಭೂಮಿ. ಸೂರ್ಯನಿಂದ ಹೊರಟ ಬಾಣಗಳು ಭೂಮಿಯತ್ತ ಬರುತ್ತವೆ. ಭೂಮಿಯ ಸುತ್ತ ಈರುಳ್ಳಿಯ ಪದರಗಳಂತೆ ನೀಲಿ ಗೆರೆಗಳಿವೆ. ಬಾಣಗಳು ಅವುಗಳಿಗೆ ತಾಗಿ ಎರಡೂ ಕಡೆಗೆ ಸರಿದು ಹೋಗುತ್ತವೆ. ಕೆಳಗೆ 'ಭೂಮಿಯ ರಕ್ಷಾಕವಚ' ಎಂದೋ 'ಅಗೋಚರ ಕೊಡೆ' ಎಂದೋ ಶೀರ್ಷಿಕೆ. ಗೋಡೆಯ ಭಿತ್ತಿಪತ್ರದಲ್ಲಿ, ವಿಜ್ಞಾನ ವಸ್ತುಪ್ರದರ್ಶನದ ಮಾದರಿಯಲ್ಲಿ, ಪತ್ರಿಕೆಯ ಪುರವಣಿಯಲ್ಲಿ ಎಲ್ಲೆಡೆಯೂ ಇದೇ ಚಿತ್ರ. ವಿದ್ಯಾರ್ಥಿ ಇದನ್ನು ಬರೆದರೆ ಅಂಕವೂ ಸಿಗುತ್ತದೆ.

ಈ ಚಿತ್ರ ಅರ್ಧ ಮಾತ್ರ ನಿಜ. ಬಿಟ್ಟುಹೋದ ಅರ್ಧದಲ್ಲೇ ಭೂಕಾಂತೀಯ ಬಿರುಗಾಳಿ, ಧ್ರುವಪ್ರಭೆ, ಉಪಗ್ರಹಗಳ ಸುರಕ್ಷತೆ ಎಲ್ಲವೂ ಅಡಗಿವೆ. ಆದ್ದರಿಂದ ಈ ಚಿತ್ರವನ್ನು ಸ್ವಲ್ಪ ಕಟುವಾಗಿಯೇ ವಿಮರ್ಶಿಸೋಣ. ಅದನ್ನು ತಿದ್ದಲು ಬೇಕಾದ ಸಾಮಗ್ರಿ ಯಾವುದೋ ದೂರದ ಸಂಶೋಧನಾಲಯದಲ್ಲಿಲ್ಲ. ಹೊನ್ನಾಳಿಯ ಪ್ರೌಢಶಾಲೆಯೊಂದರ ಪ್ರಯೋಗಾಲಯದ ಕಪಾಟಿನಲ್ಲೂ ಅದು ಇರಬಹುದು: ಒಂದು ದಂಡಕಾಂತ, ಒಂದು ಪುಟ್ಟ ದಿಕ್ಸೂಚಿ, ಒಂದು ಹಾಳೆ ಕಾಗದ.

ಚಿತ್ರದಲ್ಲಿ ಸರಿಯಾಗಿರುವುದು

ಮೊದಲು ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. ಮಳೆಗಾಲದಲ್ಲಿ ಹೊನ್ನಾಳಿಯ ಸೇತುವೆಯ ಮೇಲೆ ನಿಂತು ತುಂಗಭದ್ರೆಯನ್ನು ನೋಡಿ. ಕಂಬಕ್ಕೆ ಎದುರಾದ ನೀರು ಮುಂದುಗಡೆ ಉಬ್ಬುತ್ತದೆ, ಎರಡೂ ಬದಿಗೆ ಸೀಳಿಕೊಳ್ಳುತ್ತದೆ, ಹಿಂದುಗಡೆ ಉದ್ದನೆಯ ಬಾಲವನ್ನು ಬಿಡುತ್ತದೆ. ಸೂರ್ಯನಿಂದ ಸದಾ ಹರಿದುಬರುವ ಸೌರ ಮಾರುತವೂ ಭೂಮಿಯ ಕಾಂತಕ್ಷೇತ್ರಕ್ಕೆ ಎದುರಾದಾಗ ಸರಿಸುಮಾರು ಹೀಗೆಯೇ ವರ್ತಿಸುತ್ತದೆ. ಕಾಂತಕ್ಷೇತ್ರದ ಆಳ್ವಿಕೆ ನಡೆಯುವ ಪ್ರದೇಶಕ್ಕೆ ಕಾಂತಗೋಳವೆಂದೂ ಅದರ ಹೊರ ಅಂಚಿಗೆ ಕಾಂತಸೀಮೆಯೆಂದೂ ಹೆಸರು.

ಈ ಅಂಚು ಎಲ್ಲಿದೆ ಎಂಬುದನ್ನು ಪಿಯುಸಿ ವಿದ್ಯಾರ್ಥಿಯೇ ಲೆಕ್ಕ ಹಾಕಬಹುದು. ಸಮಭಾಜಕದ ಬಳಿ ನೆಲಮಟ್ಟದಲ್ಲಿ ಕಾಂತಕ್ಷೇತ್ರ ಸುಮಾರು 30,000 ನ್ಯಾನೊಟೆಸ್ಲಾ. ಅದು ದೂರದ ಘನಕ್ಕೆ ವಿಲೋಮವಾಗಿ ಕುಗ್ಗುವುದರಿಂದ 10 ಭೂತ್ರಿಜ್ಯದ ದೂರದಲ್ಲಿ 30 ನ್ಯಾನೊಟೆಸ್ಲಾ ಉಳಿಯುತ್ತದೆ. ಅಂಚಿನಲ್ಲಿ ಹರಿಯುವ ವಿದ್ಯುತ್ ಪ್ರವಾಹ ಇದನ್ನು ಹೆಚ್ಚುಕಡಿಮೆ ಇಮ್ಮಡಿಸುತ್ತದೆ: 60 ನ್ಯಾನೊಟೆಸ್ಲಾ ಎನ್ನೋಣ. ಈ ಕ್ಷೇತ್ರದ ಒತ್ತಡ ಸುಮಾರು 1.4 ನ್ಯಾನೊಪಾಸ್ಕಲ್. ಇನ್ನು ಸೌರ ಮಾರುತದಲ್ಲಿ ಘನ ಸೆಂಟಿಮೀಟರಿಗೆ 5 ಪ್ರೋಟಾನುಗಳಿದ್ದು ಅವು ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿ ಬಂದರೆ ಅವುಗಳ ತಳ್ಳುವಿಕೆ 1.3 ನ್ಯಾನೊಪಾಸ್ಕಲ್. ಎರಡೂ ಬಹುತೇಕ ಸಮ. ಹಾಗಾಗಿ ಸೂರ್ಯನ ಕಡೆಯ ಅಂಚು ಸಾಮಾನ್ಯವಾಗಿ 10 ಭೂತ್ರಿಜ್ಯದ ಆಸುಪಾಸಿನಲ್ಲಿ, ಅಂದರೆ 60,000 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ನಿಲ್ಲುತ್ತದೆ. ಇಷ್ಟರ ಮಟ್ಟಿಗೆ 'ಕವಚ' ಎಂಬ ಮಾತಿಗೆ ಆಧಾರವಿದೆ.

ಚಿತ್ರ ಉತ್ತರಿಸದ ಪ್ರಶ್ನೆಗಳು

ಈಗ ಆ ಚಿತ್ರವನ್ನು ಕೈಯಲ್ಲಿ ಹಿಡಿದು ಮೂರು ಪ್ರಶ್ನೆಗಳನ್ನು ಕೇಳಿ.

ಒಂದು: ಒಂದೇ ವೇಗ, ಒಂದೇ ಸಾಂದ್ರತೆಯುಳ್ಳ ಎರಡು ಸೌರ ಮೋಡಗಳು ಬೇರೆ ಬೇರೆ ದಿನ ಭೂಮಿಗೆ ಅಪ್ಪಳಿಸಿದಾಗ, ಒಂದು ಭಾರಿ ಬಿರುಗಾಳಿಯನ್ನು ಎಬ್ಬಿಸಿ ಇನ್ನೊಂದು ಬಹುತೇಕ ಸದ್ದಿಲ್ಲದೆ ಹೋಗುವುದೇಕೆ? ಕೊಡೆಯಾಗಿದ್ದರೆ ಎರಡು ಮಳೆಯೂ ಒಂದೇ.

ಎರಡು: ಸೌರ ಮಾರುತ ಹಗಲಿನ ಕಡೆಯಿಂದ ಬರುತ್ತದೆ. ಆದರೆ ಅತ್ಯಂತ ಉಜ್ವಲವಾದ ಧ್ರುವಪ್ರಭೆ ನಡುರಾತ್ರಿಯ ಆಸುಪಾಸಿನಲ್ಲಿ, ಸೂರ್ಯನಿಗೆ ಬೆನ್ನು ಮಾಡಿರುವ ಕಡೆ ಕಾಣುವುದೇಕೆ?

ಮೂರು: ಧ್ರುವಗಳಿಂದ ಬಹುದೂರವಿರುವ ನಮ್ಮ ನಾಡಿನಲ್ಲೂ ಬಿರುಗಾಳಿಯ ಗುರುತು ಕಾಣಿಸುವುದು ಹೇಗೆ? ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ 1859ರ ಸೆಪ್ಟೆಂಬರ್ 2ರಂದು ಕ್ಷೇತ್ರದ ಕ್ಷಿತಿಜೀಯ ಘಟಕ ಸುಮಾರು 1,600 ನ್ಯಾನೊಟೆಸ್ಲಾದಷ್ಟು ಕುಸಿದದ್ದು ದಾಖಲಾಗಿದೆ. ಈ ಹಳೆಯ ದಾಖಲೆಯನ್ನು ಜಿ. ಎಸ್. ಲಖಿನಾ ಅವರೂ ಸೇರಿದ ತಂಡವೊಂದು 2003ರಲ್ಲಿ ಮತ್ತೆ ವಿಶ್ಲೇಷಿಸಿ ಜಗತ್ತಿನ ಗಮನಕ್ಕೆ ತಂದಿತು.

ಇದು ಹಳೆಯ ಕಥೆ ಮಾತ್ರವಲ್ಲ. 2024ರ ಮೇ 10 ಮತ್ತು 11ರಂದು ಒಂದರ ಹಿಂದೆ ಒಂದರಂತೆ ಹಲವು ಸೌರ ಮೋಡಗಳು ಭೂಮಿಯನ್ನು ಮುಟ್ಟಿದವು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ಕ್ಯಾಮೆರಾಗಳು ಲಡಾಖಿನ ಹಾನ್ಲೆಯ ಆಕಾಶದಲ್ಲಿ ಕೆಂಪು ಪ್ರಭೆಯನ್ನು ಸೆರೆಹಿಡಿದವು. ಕಾಂತಸೀಮೆ ಭೂಸ್ಥಿರ ಉಪಗ್ರಹಗಳ ಕಕ್ಷೆಗಿಂತಲೂ ಒಳಕ್ಕೆ ಬಂತು. ಆ ಕಕ್ಷೆ ಭೂಕೇಂದ್ರದಿಂದ 6.6 ಭೂತ್ರಿಜ್ಯದ ದೂರದಲ್ಲಿದೆ. ಹಾಸನದಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಕಟ್ಟೆಚ್ಚರದಲ್ಲಿತ್ತು. ಇನ್ಸಾಟ್-3ಡಿಎಸ್ ಮತ್ತು ಇನ್ಸಾಟ್-3ಡಿಆರ್ ಉಪಗ್ರಹಗಳಲ್ಲಿ ನಕ್ಷತ್ರಗಳನ್ನು ನೋಡಿ ದಿಕ್ಕು ತಿಳಿಯುವ ಸಂವೇದಕಗಳನ್ನು ಮುನ್ನೆಚ್ಚರಿಕೆಯಾಗಿ ಆರಿಸಿಡಲಾಯಿತು. ದೊಡ್ಡ ಹಾನಿಯೇನೂ ಆಗಲಿಲ್ಲ. ಆದರೆ 'ಕೊಡೆ ಇದೆ, ಚಿಂತೆಯಿಲ್ಲ' ಎಂದು ಹಾಸನದಲ್ಲಿ ಯಾರೂ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಗಮನಿಸಿ.

ಕಪಾಟಿನಲ್ಲಿರುವ ಉತ್ತರ

ಹಿರಿಯ ಅಧ್ಯಾಪಕರಿಗೆಲ್ಲ ಪರಿಚಿತವಾದ ಒಂದು ಪ್ರಯೋಗವಿದೆ: ಶೂನ್ಯಬಿಂದುಗಳನ್ನು ಗುರುತಿಸುವುದು. ಹಾಳೆಯ ನಡುವೆ ಉತ್ತರ-ದಕ್ಷಿಣವಾಗಿ ದಂಡಕಾಂತವನ್ನಿಟ್ಟು, ಪುಟ್ಟ ದಿಕ್ಸೂಚಿಯನ್ನು ಸರಿಸುತ್ತಾ ಮುಳ್ಳಿನ ಎರಡು ತುದಿಗಳ ನೇರಕ್ಕೆ ಚುಕ್ಕೆಯಿಟ್ಟು, ಚುಕ್ಕೆಗಳನ್ನು ಸೇರಿಸಿ ಬಲರೇಖೆಗಳನ್ನು ಬರೆಯುತ್ತೇವೆ. ಕಾಂತದ ಕ್ಷೇತ್ರವೂ ಭೂಮಿಯ ಕ್ಷೇತ್ರವೂ ಸಮವಾಗಿ ಪರಸ್ಪರ ವಿರುದ್ಧವಾಗುವ ಕಡೆ ಮುಳ್ಳು ಯಾವ ದಿಕ್ಕಿಗೂ ನಿಲ್ಲದೆ ತಡವರಿಸುತ್ತದೆ. ಅದೇ ಶೂನ್ಯಬಿಂದು.

ಈ ಪ್ರಯೋಗವನ್ನು ಎರಡು ಬಗೆಯಲ್ಲಿ ಮಾಡಿಸಿ. ಮೊದಲು ಕಾಂತದ ಉತ್ತರ ಧ್ರುವವನ್ನು ಉತ್ತರಕ್ಕೆ ಮುಖಮಾಡಿ ಇಡಿ. ಶೂನ್ಯಬಿಂದುಗಳು ಕಾಂತದ ಪೂರ್ವ ಮತ್ತು ಪಶ್ಚಿಮ ಪಕ್ಕಗಳಲ್ಲಿ ಸಿಗುತ್ತವೆ. ಆಮೇಲೆ ಕಾಂತವನ್ನು ತಿರುಗಿಸಿ, ದಕ್ಷಿಣ ಧ್ರುವವನ್ನು ಉತ್ತರಕ್ಕಿಡಿ. ಈಗ ಅವು ಕಾಂತದ ಎರಡು ತುದಿಗಳ ಆಚೆ, ಅಕ್ಷದ ಮೇಲೆಯೇ ಸಿಗುತ್ತವೆ. ಕರ್ನಾಟಕದಲ್ಲಿ ಭೂಮಿಯ ಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ, ಅದೂ ಬಹುಪಾಲು ಕ್ಷಿತಿಜೀಯ. ಕಾಂತದ ದ್ವಿಧ್ರುವ ಮಹತ್ವ 1 ಆಂಪೇರ್-ಚದರ ಮೀಟರ್ ಆಗಿದ್ದರೆ ಮೊದಲನೆಯ ದೂರ ಸುಮಾರು 13.6 ಸೆಂಟಿಮೀಟರ್, ಎರಡನೆಯದು 17.1 ಸೆಂಟಿಮೀಟರ್.

ಇಲ್ಲಿಗೆ ನಿಲ್ಲಿಸಬೇಡಿ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಕಾಂತದಿಂದ ಹೊರಟ ರೇಖೆಗಳು ಎಲ್ಲಿಗೆ ಹೋಗುತ್ತವೆಂದು ನೋಡಲು ಹೇಳಿ. ಎರಡನೆಯ ಹಾಳೆಯಲ್ಲಿ ಕಾಂತದ ರೇಖೆಗಳೆಲ್ಲ ಕಾಂತಕ್ಕೇ ಮರಳುತ್ತವೆ. ಎರಡು ಶೂನ್ಯಬಿಂದುಗಳ ಮೂಲಕ ಒಂದು ವೃತ್ತವನ್ನೆಳೆದರೆ ಒಳಗಿನದು ಒಳಗೆ, ಹೊರಗಿನದು ಹೊರಗೆ. ಒಂದು ರೇಖೆಯೂ ಈ ಗಡಿಯನ್ನು ದಾಟುವುದಿಲ್ಲ. ದಂಡಕಾಂತ ಗಿಡ್ಡವಾಗಿದ್ದಷ್ಟೂ ಈ ವೃತ್ತ ಚೊಕ್ಕವಾಗಿ ಬರುತ್ತದೆ. ಮೊದಲನೆಯ ಹಾಳೆಯಲ್ಲಾದರೋ ಕಾಂತದ ತುದಿಗಳಿಂದ ಹೊರಟ ಹಲವು ರೇಖೆಗಳು ಹೊರಗಿನ ಕ್ಷೇತ್ರದ ರೇಖೆಗಳೊಂದಿಗೆ ಸೇರಿ ದೂರಕ್ಕೆ ಹೋಗಿಬಿಡುತ್ತವೆ. ಅದೇ ಕಾಂತ, ಅದೇ ಮೇಜು. ದಿಕ್ಕು ಬದಲಾದದ್ದರಿಂದ ಮುಚ್ಚಿದ ಪೆಟ್ಟಿಗೆ ತೆರೆದುಕೊಂಡಿತು.

ಇನ್ನು ಮೇಜಿನಿಂದ ಆಕಾಶಕ್ಕೆ ಹೋಗೋಣ. ದಂಡಕಾಂತದ ಸ್ಥಾನದಲ್ಲಿ ಭೂಮಿಯನ್ನು ಇಡಿ. ಹೊರಗಿನ ಕ್ಷೇತ್ರವಾಗಿ, ಸೌರ ಮಾರುತ ತನ್ನೊಡನೆ ಹೊತ್ತು ತರುವ ಸೂರ್ಯನ ಕಾಂತಕ್ಷೇತ್ರವನ್ನು ತೆಗೆದುಕೊಳ್ಳಿ. ಭೂಮಿಯೊಳಗಿನ ಕಾಂತದ ಉತ್ತರ ಧ್ರುವ ಇರುವುದು ದಕ್ಷಿಣದ ಕಡೆ ಎಂಬುದನ್ನು ಮರೆಯಬೇಡಿ. ಹಾಗಾಗಿ ಸೌರ ಮಾರುತದ ಕ್ಷೇತ್ರ ದಕ್ಷಿಣಮುಖಿಯಾದಾಗ ಮೊದಲನೆಯ ಹಾಳೆ. ಉತ್ತರಮುಖಿಯಾದಾಗ ಎರಡನೆಯ ಹಾಳೆ. ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಶಿಷ್ಯ ಜೇಮ್ಸ್ ಡಂಜಿ 1961ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧದ ತಿರುಳು ಇದೇ. ನಮ್ಮ ವಿದ್ಯಾರ್ಥಿಗಳು ಹಾಳೆಯ ಮೇಲೆ ಎಳೆಯುವ ಚಿತ್ರವನ್ನೇ ಅವರು ಭೂಮಿಗೆ ಅನ್ವಯಿಸಿದ್ದರು.

ನಮ್ಮ ಪಾಠಕ್ರಮದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಶೂನ್ಯಬಿಂದುವನ್ನು ಒಂದು ಕಡೆ ಪ್ರಯೋಗವೆಂದು ಕಲಿಸುತ್ತೇವೆ, ಕವಚವನ್ನು ಇನ್ನೊಂದು ಕಡೆ ಸಾಮಾನ್ಯಜ್ಞಾನವೆಂದು ಹೇಳುತ್ತೇವೆ. ಎರಡೂ ಒಂದೇ ವಿಷಯವೆಂದು ಹೇಳುವವರಿಲ್ಲ.

ಅಂಚಿನಲ್ಲಿ ನಡೆಯುವುದೇನು?

ಮೇಜಿನ ಮೇಲಿನ ಪ್ರಯೋಗಕ್ಕೆ ಒಂದು ಮಿತಿಯಿದೆ. ಅಲ್ಲಿ ಹರಿವಿಲ್ಲ. ಆಕಾಶದಲ್ಲಿ ಪ್ಲಾಸ್ಮಾ, ಅಂದರೆ ಎಲೆಕ್ಟ್ರಾನು ಮತ್ತು ಅಯಾನುಗಳಾಗಿ ಬಿಡಿಬಿಡಿಯಾದ ಅನಿಲ, ಸದಾ ಹರಿಯುತ್ತಿರುತ್ತದೆ. ಪ್ಲಾಸ್ಮಾ ಒಳ್ಳೆಯ ವಿದ್ಯುದ್ವಾಹಕ. ಅದರೊಳಗಿನ ಕಾಂತಕ್ಷೇತ್ರ ಅದರೊಂದಿಗೇ ಸಾಗುತ್ತದೆ, ಕೆನೆಯಲ್ಲಿ ಸಿಕ್ಕಿಕೊಂಡ ನಾರಿನಂತೆ. ಹೀಗಾಗಿ ಸೂರ್ಯನ ಪ್ಲಾಸ್ಮಾ ಮತ್ತು ಭೂಮಿಯ ಪ್ಲಾಸ್ಮಾ ಸುಲಭವಾಗಿ ಬೆರೆಯುವುದಿಲ್ಲ.

ವಿರುದ್ಧ ದಿಕ್ಕಿನ ಎರಡು ಕ್ಷೇತ್ರಗಳು ತೆಳುವಾದ ಹಾಳೆಯಂಥ ಜಾಗದಲ್ಲಿ ಒಂದಕ್ಕೊಂದು ಒತ್ತಿಕೊಂಡಾಗ ಮಾತ್ರ ಈ ಕಟ್ಟು ಸಡಿಲುತ್ತದೆ. ಸೂರ್ಯನ ಕಡೆಯ ರೇಖೆ ಭೂಮಿಯ ರೇಖೆಯೊಂದಿಗೆ ಬೆಸೆಯುತ್ತದೆ. ಕ್ಷೇತ್ರದಲ್ಲಿದ್ದ ಶಕ್ತಿ ಪ್ಲಾಸ್ಮಾದ ಚಿಮ್ಮುವಿಕೆಯಾಗಿ ಹೊರಬರುತ್ತದೆ. ಇದಕ್ಕೆ ಕಾಂತೀಯ ಪುನರ್ಜೋಡಣೆ ಎಂದು ಹೆಸರು. ಹೀಗೆ ತೆರೆದುಕೊಂಡ ರೇಖೆಗಳನ್ನು ಸೌರ ಮಾರುತ ಧ್ರುವಗಳ ಮೇಲಿನಿಂದ ಎಳೆದೊಯ್ದು ರಾತ್ರಿಯ ಕಡೆಯ ಬಾಲದಲ್ಲಿ ಪೇರಿಸುತ್ತದೆ. ಅಲ್ಲಿ ಮತ್ತೆ ವಿರುದ್ಧ ದಿಕ್ಕಿನ ರೇಖೆಗಳು ಎದುರಾಗಿ ಎರಡನೆಯ ಪುನರ್ಜೋಡಣೆ ನಡೆಯುತ್ತದೆ. ಪ್ಲಾಸ್ಮಾ ಭೂಮಿಯತ್ತ ರಭಸದಿಂದ ಮರಳುತ್ತದೆ.

ಈಗ ನಮ್ಮ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತು. ಎರಡು ಮೋಡಗಳ ಪರಿಣಾಮ ಬೇರೆಯಾಗುವುದು ಅವುಗಳ ಕ್ಷೇತ್ರದ ದಿಕ್ಕು ಬೇರೆಯಾದ್ದರಿಂದ. ಧ್ರುವಪ್ರಭೆ ನಡುರಾತ್ರಿಯಲ್ಲಿ ಹೊಳೆಯುವುದು ಬಾಲದಲ್ಲಿ ಕೂಡಿಟ್ಟ ಶಕ್ತಿ ಆ ಕಡೆಯಿಂದ ಬಿಡುಗಡೆಯಾಗುವುದರಿಂದ. ಒಳನುಗ್ಗಿದ ಕಣಗಳು ಸಮಭಾಜಕದ ಮೇಲೆ ಉಂಗುರದಂತೆ ಹರಿದು ಭೂಮಿಯ ಕ್ಷೇತ್ರವನ್ನು ಕುಗ್ಗಿಸುವುದರಿಂದ ನಮ್ಮಲ್ಲೂ ಗುರುತು ಕಾಣುತ್ತದೆ. 2024ರ ಮೇ ಬಿರುಗಾಳಿಯಲ್ಲಿ ಈ ಕುಸಿತ ಸುಮಾರು 400 ನ್ಯಾನೊಟೆಸ್ಲಾ. ಹೊನ್ನಾಳಿಯ ಕ್ಷೇತ್ರಕ್ಕೆ ಹೋಲಿಸಿದರೆ ಅದು ಶೇಕಡಾ 1ರಷ್ಟು. ಶಾಲೆಯ ದಿಕ್ಸೂಚಿಗೆ ಗೊತ್ತಾಗದು, ಸೂಕ್ಷ್ಮ ಮಾಪಕಕ್ಕೆ ಚೆನ್ನಾಗಿ ಗೊತ್ತಾಗುತ್ತದೆ.

ನಮ್ಮ ಪದಗಳಿಗೂ ವಿಮರ್ಶೆ ಬೇಕು

ಕೊಡೆಯ ಚಿತ್ರವನ್ನು ಟೀಕಿಸಿದ ನಾನು ಈಗ 'ರೇಖೆ ಬೆಸೆಯುತ್ತದೆ' ಎಂದೆ. ಈ ಮಾತೂ ಪ್ರಶ್ನಾತೀತವಲ್ಲ. ಬಲರೇಖೆ ದಾರವಲ್ಲ. ಅದು ಕ್ಷೇತ್ರದ ದಿಕ್ಕನ್ನು ತೋರಿಸಲು ನಾವು ಎಳೆದ ಗೆರೆ. ನಿಮ್ಮ ಹಾಳೆಯ ಮೇಲೆ ಕಾಂತವನ್ನು ತಿರುಗಿಸಿದಾಗ ಯಾವ ದಾರವೂ ತುಂಡಾಗಲಿಲ್ಲ. ಎರಡು ಕ್ಷೇತ್ರಗಳ ಮೊತ್ತ ಬದಲಾಯಿತು, ನಕ್ಷೆಯೂ ಬದಲಾಯಿತು.

ಈ ಎಚ್ಚರಿಕೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಸ್ವೀಡನ್ನಿನ ಹಾನೆಸ್ ಆಲ್ವೆನ್. ಕ್ಷೇತ್ರ ಪ್ಲಾಸ್ಮಾದೊಂದಿಗೆ ಅಂಟಿಕೊಂಡು ಸಾಗುತ್ತದೆ ಎಂಬ ಕಲ್ಪನೆಯನ್ನು 1940ರ ದಶಕದಲ್ಲಿ ಕೊಟ್ಟವರೇ ಅವರು. 1970ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆದರೆ ಪಾಠ ಹೇಳಲು ಸುಲಭವೆಂದು ತಾವೇ ನೆಚ್ಚಿದ್ದ ಆ ಕಲ್ಪನೆ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತಿದೆ ಎಂದು ಮುಂದೆ ಅವರೇ ದೂರಿದರು. ವಿದ್ಯುತ್ ಪ್ರವಾಹ, ವಿದ್ಯುತ್ ಕ್ಷೇತ್ರಗಳನ್ನು ಮರೆತು ಗೆರೆಗಳ ಆಟವನ್ನಷ್ಟೇ ನೋಡುವುದು ಅಪಾಯವೆಂಬುದು ಅವರ ವಾದ. ಪುನರ್ಜೋಡಣೆಯ ಕಲ್ಪನೆಯನ್ನೇ ಅವರು ಒಪ್ಪಲಿಲ್ಲ.

ಇಲ್ಲಿ ಆಲ್ವೆನ್ ಅರ್ಧ ಗೆದ್ದರು, ಅರ್ಧ ಸೋತರು. ಪುನರ್ಜೋಡಣೆ ನಡೆಯುತ್ತದೆ: ಅದರಿಂದ ಚಿಮ್ಮುವ ಪ್ಲಾಸ್ಮಾ ಧಾರೆಗಳನ್ನು ಐಸೀ ನೌಕೆಗಳು ಕಾಂತಸೀಮೆಯಲ್ಲಿ ಕಂಡದ್ದು 1979ರಲ್ಲಿ ಪ್ರಕಟವಾಯಿತು. ಆದರೆ ಕಾರಣವನ್ನು ಗೆರೆಗಳಲ್ಲಿ ಅಲ್ಲ, ಕಣಗಳ ಚಲನೆಯಲ್ಲಿ ಹುಡುಕಬೇಕೆಂಬ ಅವರ ಹಟ ಸರಿಯಾಗಿತ್ತು.

ವೇಗದ ಒಗಟು, ಅಲೆಗಳ ಪಾಲು

ಆ ಕಾರಣವನ್ನು ಹುಡುಕುವುದು ಸುಲಭವಾಗಿರಲಿಲ್ಲ. ಪೀಟರ್ ಸ್ವೀಟ್ ಮತ್ತು ಯೂಜಿನ್ ಪಾರ್ಕರ್ 1950ರ ದಶಕದ ಕೊನೆಯಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಪುನರ್ಜೋಡಣೆ ತೀರಾ ನಿಧಾನ. ನಿಮಿಷಗಳಲ್ಲಿ ಭುಗಿಲೇಳುವ ಸೌರ ಜ್ವಾಲೆಗೆ ಆ ಲೆಕ್ಕದಲ್ಲಿ ತಿಂಗಳುಗಳೇ ಬೇಕು. ಪ್ಲಾಸ್ಮಾದಲ್ಲಿ ವಿದ್ಯುತ್ ರೋಧ ಅಷ್ಟು ಕಡಿಮೆ. ಹಾಗಾದರೆ ರೋಧದ ಕೆಲಸವನ್ನು ಮಾಡುವವರು ಯಾರು?

ಪ್ಲಾಸ್ಮಾ ಅಲೆಗಳಿರಬಹುದೆಂದು ಹಲವರು ಊಹಿಸಿದರು. ಕಾಂತಸೀಮೆಯಲ್ಲಿ ನೌಕೆಗಳ ಆಂಟೆನಾಗಳಿಗೆ ನಾನಾ ಆವರ್ತಾಂಕಗಳ ಅಲೆಗಳು ಸದಾ ಸಿಗುತ್ತವೆ. ಅವು ಎಲೆಕ್ಟ್ರಾನುಗಳನ್ನು ಅಲುಗಿಸಿ ಚದುರಿಸಬಲ್ಲವು. ಅಂಚಿನ ಈ ಅಲೆಗಳ ಬಗ್ಗೆ ಭಾರತೀಯ ಭೂಕಾಂತತ್ವ ಸಂಸ್ಥೆಯ ಲಖಿನಾ ಅವರೂ ಕೆಲಸ ಮಾಡಿದ್ದಾರೆ.

ನೇರ ಪರೀಕ್ಷೆಗೆ ಅಮೆರಿಕದ ನಾಸಾ 2015ರ ಮಾರ್ಚಿನಲ್ಲಿ ಎಂಎಂಎಸ್ ಎಂಬ ನಾಲ್ಕು ನೌಕೆಗಳನ್ನು ಹಾರಿಸಿತು. ಚತುರ್ಮುಖಿಯ ನಾಲ್ಕು ಮೂಲೆಗಳಂತೆ ಪರಸ್ಪರ 10 ಕಿಲೋಮೀಟರಿನಷ್ಟು ಹತ್ತಿರ ಹಾರುತ್ತಾ, ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಬಾರಿ ಎಲೆಕ್ಟ್ರಾನುಗಳನ್ನು ಅವು ಅಳೆಯಬಲ್ಲವು. ಅದೇ ವರ್ಷ ಅಕ್ಟೋಬರ್ 16ರಂದು ಅವು ಪುನರ್ಜೋಡಣೆಯ ಹೃದಯಭಾಗವನ್ನೇ ಹಾದುಹೋದವು. ಅಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಹಿಡಿತದಿಂದ ಕಳಚಿಕೊಂಡಿದ್ದವು. ಕಣಗಳ ಪರಸ್ಪರ ಘರ್ಷಣೆಯಿಂದಲ್ಲ, ತಮ್ಮದೇ ಸುತ್ತುಬಳಸಿನ ಚಲನೆ ಉಂಟುಮಾಡುವ ಒತ್ತಡದ ವ್ಯತ್ಯಾಸಗಳಿಂದ ರೋಧದ ಕೆಲಸ ಬಹುಮಟ್ಟಿಗೆ ನಡೆದಿತ್ತು. ಅಲೆಗಳೂ ಅಲ್ಲಿದ್ದವು. ಅವುಗಳ ಪಾಲು ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ. 2017ರ ಜುಲೈ 11ರಂದು ಇವೇ ನೌಕೆಗಳು ರಾತ್ರಿಯ ಕಡೆಯ ಬಾಲದಲ್ಲೂ ಇಂಥ ಜಾಗವನ್ನು ಹಾದವು.

ಇನ್ನೊಂದು ಬಗೆಯ ಅಲೆಯನ್ನು ನಾವು ಕೆರೆಯ ನೀರಿನ ಮೇಲೂ ನೋಡಬಹುದು. ಗಾಳಿ ಬೀಸಿದಾಗ ನೀರಿನ ಮೇಲ್ಮೈ ತೆರೆತೆರೆಯಾಗುವಂತೆ, ಸೌರ ಮಾರುತ ಪಕ್ಕದಲ್ಲಿ ಉಜ್ಜಿ ಹೋಗುವಾಗ ಕಾಂತಸೀಮೆಯೂ ತೆರೆಗಟ್ಟುತ್ತದೆ. ಕೆಲವೊಮ್ಮೆ ತೆರೆಗಳು ಸುರುಳಿಯಾಗಿ ಮಗುಚಿಕೊಳ್ಳುತ್ತವೆ. ಕ್ಷೇತ್ರ ಉತ್ತರಮುಖಿಯಾಗಿದ್ದಾಗ ಇಂಥ ಸುರುಳಿಗಳಿರುವುದನ್ನು ಯುರೋಪಿನ ಕ್ಲಸ್ಟರ್ ನೌಕೆಗಳ ಮಾಹಿತಿಯಿಂದ 2004ರಲ್ಲಿ ತೋರಿಸಲಾಯಿತು. ಅಂದರೆ ಬಾಗಿಲು ಮುಚ್ಚಿದ್ದಾಗಲೂ ಒಂದಿಷ್ಟು ಒಸರುತ್ತದೆ.

ಬೇರೆ ಚಿತ್ರ ಯಾವುದು?

ಟೀಕಿಸಿದವರು ಬದಲಿಯನ್ನೂ ಕೊಡಬೇಕು. ಹೊನ್ನಾಳಿಯ ನೆರೆಯ ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವಿದೆ, ಜನ ಕರೆಯುವ ಹೆಸರು ಸೂಳೆಕೆರೆ. ಅದರ ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ಆದರೆ ಏರಿಯನ್ನಷ್ಟೇ ಬರೆದು ತೂಬನ್ನು ಬಿಟ್ಟರೆ ಗದ್ದೆಗೆ ನೀರು ಹೇಗೆ ಬಂತೆಂದು ಯಾರೂ ಹೇಳಲಾರರು. ಭೂಕಾಂತಕ್ಷೇತ್ರವೂ ತೂಬುಳ್ಳ ಏರಿ. ತಡೆಯುವುದು ನಿಜ, ಬಿಡುವುದೂ ನಿಜ, ಮುಚ್ಚಿದಾಗ ಒಸರುವುದೂ ನಿಜ.

ಈ ಹೋಲಿಕೆಗೂ ಮಿತಿಯಿದೆ. ಕೆರೆಯ ತೂಬನ್ನು ತೆಗೆಯುವವನು ನೀರುಗಂಟಿ. ಇಲ್ಲಿ ನೀರುಗಂಟಿ ಇಲ್ಲ. ಬರುವ ನೀರೇ ತನ್ನ ಕ್ಷೇತ್ರದ ದಿಕ್ಕಿನಿಂದ ತೂಬನ್ನು ತೆಗೆಯುತ್ತದೆ, ಮುಚ್ಚುತ್ತದೆ. ಹಾಗಾಗಿ ಬರುವ ನೀರಿನ ದಿಕ್ಕನ್ನು ಮೊದಲೇ ತಿಳಿಯುವುದೊಂದೇ ನಮಗಿರುವ ದಾರಿ.

ಆದಿತ್ಯ-ಎಲ್1 ನೌಕೆಯ ಒಂದು ಮುಖ್ಯ ಉಪಯೋಗ ಇಲ್ಲಿ ಸ್ಪಷ್ಟವಾಗುತ್ತದೆ. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟದಿಂದ ಹೊರಟ ಅದು 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆಯನ್ನು ಸೇರಿತು. ಅದರಲ್ಲಿರುವ ಕಾಂತಮಾಪಕವನ್ನು ತಯಾರಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೊ-ಆಪ್ಟಿಕ್ಸ್ ಪ್ರಯೋಗಾಲಯ. ನೌಕೆಯದೇ ಕಾಂತಪ್ರಭಾವ ತಾಗದಿರಲೆಂದು ಅದರ ಸಂವೇದಕಗಳನ್ನು 6 ಮೀಟರ್ ಉದ್ದದ ತೋಳಿನ ಮೇಲೆ ಇಡಲಾಗಿದೆ. ಶೂನ್ಯಬಿಂದು ಪ್ರಯೋಗ ಮಾಡುವಾಗ ಮೇಜಿನಿಂದ ಕಬ್ಬಿಣದ ವಸ್ತುಗಳನ್ನು ದೂರವಿಡಿ ಎಂದು ನೀವು ಹೇಳುತ್ತೀರಲ್ಲ, ಅದೇ ಎಚ್ಚರಿಕೆ. ಸೂರ್ಯನನ್ನು ದೂರದರ್ಶಕದಲ್ಲಿ ನೋಡಿ ಮೋಡ ಹೊರಟದ್ದನ್ನು ಹೇಳಬಹುದು. ಆದರೆ ಅದರ ಕ್ಷೇತ್ರ ಭೂಮಿಯ ಬಳಿ ಬಂದಾಗ ಉತ್ತರಕ್ಕಿರುತ್ತದೋ ದಕ್ಷಿಣಕ್ಕೋ ಎಂಬುದನ್ನು ಖಚಿತವಾಗಿ ಹೇಳಲು ಇಂಥ ಜಾಗದಲ್ಲಿ ಅಳೆಯಲೇಬೇಕು. ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿ 15 ಲಕ್ಷ ಕಿಲೋಮೀಟರ್ ಬರಲು 3,750 ಸೆಕೆಂಡು ಬೇಕು, ಅಂದರೆ ಒಂದು ಗಂಟೆಗಿಂತ ತುಸು ಹೆಚ್ಚು. ವೇಗ ಇಮ್ಮಡಿಯಾದರೆ ಅರ್ಧ ಗಂಟೆ. ಹಾಸನದವರಿಗೂ ವಿದ್ಯುತ್ ಜಾಲದವರಿಗೂ ಸಿಗುವ ಖಚಿತ ಮುನ್ಸೂಚನೆಯ ಅವಧಿ ಇಷ್ಟೇ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ ಸುಮಾರು 9 ಗಂಟೆ ಕತ್ತಲಲ್ಲಿ ಮುಳುಗಿದ್ದನ್ನು ನೆನೆದರೆ ಈ ಒಂದು ಗಂಟೆಯ ಬೆಲೆ ತಿಳಿಯುತ್ತದೆ.

ಕೊನೆಯದಾಗಿ ಒಂದು ಅತಿಶಯೋಕ್ತಿಯನ್ನೂ ಬಿಡೋಣ. 'ಕಾಂತಕವಚವಿಲ್ಲದಿದ್ದರೆ ವಾತಾವರಣವೇ ಇರುತ್ತಿರಲಿಲ್ಲ' ಎಂದು ಸಲೀಸಾಗಿ ಬರೆಯುತ್ತೇವೆ. ಶುಕ್ರಗ್ರಹಕ್ಕೆ ತನ್ನದೇ ಆದ ಅಂತಹ ಕಾಂತಕ್ಷೇತ್ರವಿಲ್ಲ. ಆದರೂ ಅದರ ವಾತಾವರಣದ ಒತ್ತಡ ನಮ್ಮದಕ್ಕಿಂತ 90 ಪಟ್ಟು ಹೆಚ್ಚು. ನೆಲದ ಮೇಲಿರುವ ನಮ್ಮನ್ನು ವಿಶ್ವಕಿರಣಗಳಿಂದ ಕಾಯುವ ಕೆಲಸದಲ್ಲಿ ದೊಡ್ಡ ಪಾಲು ತಲೆಯ ಮೇಲಿರುವ ಗಾಳಿಯದು: ಪ್ರತಿ ಚದರ ಮೀಟರಿಗೆ ಸುಮಾರು 10 ಟನ್.

ಶಿಕ್ಷಕ ಮಿತ್ರರೇ, ಮುಂದಿನ ಬಾರಿ ಆ ನೀಲಿ ಗೆರೆಗಳ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಸೂರ್ಯನಿಂದ ಬರುವ ಬಾಣಗಳ ಜೊತೆಗೆ ಇನ್ನೊಂದು ಪುಟ್ಟ ಬಾಣವನ್ನು ಸೇರಿಸಿ: ಸೌರ ಮಾರುತದ ಕ್ಷೇತ್ರದ ದಿಕ್ಕನ್ನು ತೋರಿಸುವ ಬಾಣ. ಅದನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಬರೆದು 'ಏನಾಗುತ್ತದೆ?' ಎಂದು ಕೇಳಿ. ಉತ್ತರಕ್ಕಾಗಿ ಮಕ್ಕಳನ್ನು ಪುಸ್ತಕಕ್ಕೆ ಕಳುಹಿಸಬೇಡಿ. ಕಪಾಟಿನಿಂದ ದಂಡಕಾಂತವನ್ನು ತೆಗೆದುಕೊಡಿ.